ಟ್ಯಾಂಕಿನ ಅಧ್ಯಾಯ

"ಟ್ಯಾಂಕಿನ ಅಧ್ಯಾಯ ತೆಗೆದದ್ದು ಈ ಚಿಟ್ಟೆಗೋಸ್ಕರಾನಾ?" ಎಂದು ಶೇಷಾದ್ರಿ ಕೇಳಿದಾಗ ಕೋಣೆಯಲ್ಲಿ ಹತ್ತೊಂಬತ್ತು ಜನ ಇದ್ದರು. ಅಷ್ಟೂ ಜನ ಭರತೇಶನ ಮುಖ ನೋಡಿದರು.

ಪರದೆಯ ಮೇಲೆ ಒಣಹಾಕಿದ ಬಟ್ಟೆಗಳ ಸಾಲು, ಅದರ ಸುತ್ತ ಹಾರಾಡುವ ಒಂದು ಹಳದಿ ಚಿಟ್ಟೆ. ಒಂದೇ ಬಣ್ಣದ ಮೂರು ಬಟ್ಟೆ ಹೊಂದಿಸಿದರೆ ಚಿಟ್ಟೆ ಬಂದು ಕೂರುತ್ತದೆ, ಟಿಣ್ ಎಂದು ಸದ್ದಾಗುತ್ತದೆ. ಶೇಷಾದ್ರಿ ನಾಲ್ಕು ಸಲ ಟಿಣ್ ಅನ್ನಿಸಿ ಕಂಟ್ರೋಲರನ್ನು ಮೇಜಿನ ಮೇಲಿಟ್ಟರು. ಸಿಂಗಪುರದ ದೊಡ್ಡ ಪಬ್ಲಿಷರ್ ಕಂಪನಿಯೊಂದು ಅಹಮದಾಬಾದಿನ ಬೋಪಾಲ್ ಬಡಾವಣೆಯ ಈ ಪುಟ್ಟ ಗೇಮ್ ಸ್ಟುಡಿಯೋವನ್ನು ಕೊಂಡು ಒಂದೂವರೆ ವರ್ಷವಾಗಿತ್ತು. ಆ ಕಂಪನಿಯ ಪರವಾಗಿ ಇವರ ಕೆಲಸ ನೋಡಿಕೊಳ್ಳುತ್ತಿದ್ದವರು ಶೇಷಾದ್ರಿಯೇ. ಮೈಸೂರಿನವರು, ದನಿ ಏರಿಸದೆ ಮಾತಾಡುವವರು. ಅಲ್ಲಿಯವರೆಗೆ ವಿಡಿಯೋ ಕರೆಗಳಲ್ಲಷ್ಟೇ ಕಂಡಿದ್ದವರು ಅಂದು ಖುದ್ದಾಗಿ ಬಂದಿದ್ದರು.

"ಸರ್, ತೆಗಿರಿ ಅಂತ ನೀವೇ ಹೇಳಿದ್ರಿ ನೆ?" ಎಂದಳು ಹಿಂದಿನ ಸಾಲಿನಿಂದ ವಿಂಧ್ಯಾ. "ಸಿಂಗಪುರವಾಲಾ ನಾ ಪಾಡೀ ಅಂತ ಭರತೇಶ್ ಸರ್ ಹೇಳಿದ್ರು." ಆಟದ ಕಥೆ ಬರೆದವಳು ಅವಳು. ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದವಳಾದ್ದರಿಂದ 'ಬೇಡವೆಂದರು' ಎನ್ನುವುದಕ್ಕೂ ಗುಜರಾತಿಯೇ ಮೊದಲು ನಾಲಿಗೆಗೆ ಬರುತ್ತಿತ್ತು.

"ನಾವಾ? ನಾವು ಯಾವಾಗಮ್ಮ ಹೇಳಿದ್ವಿ?"

ಶೇಷಾದ್ರಿಗೆ ಯಾರನ್ನೂ ಸಿಕ್ಕಿಸುವ ಉದ್ದೇಶ ಇರಲಿಲ್ಲ. ನಿಜವಾಗಿಯೂ ಗೊಂದಲವಾಗಿ ಲ್ಯಾಪ್‌ಟಾಪ್ ತೆರೆದರು. ಪ್ರತಿ ತಿಂಗಳು ಆಟದ ಹೊಸ ಪ್ರತಿ ಕಳಿಸುವಾಗ ಅದರ ಜೊತೆಗೆ ಬದಲಾವಣೆಗಳ ಪಟ್ಟಿಯೊಂದು ಹೋಗುತ್ತದೆ. ಏನು ಬದಲಾಯಿತು, ಯಾಕೆ, ಯಾರ ಸೂಚನೆಯ ಮೇಲೆ ಎಂದು ಅದರಲ್ಲಿ ತುಂಬಬೇಕು. ಅದನ್ನು ತುಂಬುತ್ತಿದ್ದವನು ಸ್ಟುಡಿಯೋದ ಮುಖ್ಯಸ್ಥ ಭರತೇಶನೇ. ಶೇಷಾದ್ರಿ ಮಾರ್ಚಿ ತಿಂಗಳ ಸಾಲನ್ನು ಹುಡುಕಿ ಓದಿದರು: "ಐದನೆಯ ಅಧ್ಯಾಯ ಪೂರ್ತಿ ತೆಗೆಯಲಾಗಿದೆ. ಸೂಚನೆ, ಸ್ಟುಡಿಯೋ."

ಓದಿದ ಮೇಲೆ ಅವರಿಗೂ ಅರ್ಥವಾಯಿತು. ಕಣ್ಣೆತ್ತದೆ ಲ್ಯಾಪ್‌ಟಾಪ್ ಮುಚ್ಚಿದರು.

ಭರತೇಶ, ನಲವತ್ತೊಂದು ವರ್ಷದ ಮನುಷ್ಯ, ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದ. ಸಿಂಗಪುರಕ್ಕೆ ಹೋಗುವ ಪಟ್ಟಿಯಲ್ಲಿ ಸುಳ್ಳು ಬರೆದರೆ ಸಿಕ್ಕಿಬೀಳುತ್ತೇನೆಂದು ಅಲ್ಲಿ ನಿಜ ಬರೆದಿದ್ದ. ಸುಳ್ಳನ್ನು ತನ್ನ ಜನರಿಗೆಂದು ಇಟ್ಟುಕೊಂಡಿದ್ದ. ಎರಡೂ ಒಂದು ದಿನ ಒಂದೇ ಕೋಣೆಯಲ್ಲಿ ಎದುರಾಗಬಹುದೆಂದು ಇಷ್ಟು ಬುದ್ಧಿವಂತನಿಗೆ ಹೊಳೆದಿರಲಿಲ್ಲ.

"ನಿಮ್ಮನ್ನ ಕೊಂಡುಕೊಳ್ಳಿ ಅಂತ ನಾನು ಅಲ್ಲಿ ಹಟ ಹಿಡಿದಿದ್ದೇ ಆ ಅಧ್ಯಾಯ ನೋಡಿ," ಎಂದರು ಶೇಷಾದ್ರಿ, ಬೈಯುವ ದನಿಯಲ್ಲೇನೂ ಅಲ್ಲ. "ತೆಗೆದಿದೀವಿ ಅಂತ ಬರೆದಾಗ ಬೇಜಾರಾಯ್ತು. ಆದ್ರೆ ನಿಮ್ಮ ಕೆಲಸದಲ್ಲಿ ಮೂಗು ತೂರಿಸೋದಿಲ್ಲ ಅಂತ ಮಾತು ಕೊಟ್ಟಿದ್ವಲ್ಲ. ಇನ್ನೂ ಚೆನ್ನಾಗಿರೋದೇನೋ ಮಾಡ್ತಿದಾರೆ ಅಂದ್ಕೊಂಡು ಸುಮ್ಮನಿದ್ದೆ."

ಆಟದ ಹೆಸರು 'ಪಾಳಿ'. ಅಹಮದಾಬಾದಿನ ಅಂಚಿನ ವಟ್ವಾದ ಒಂದು ಬಣ್ಣದ ಕಾರ್ಖಾನೆಯಲ್ಲಿ ದುಡಿಯುವವನ ದಿನಗಳು. ಅದರಲ್ಲಿ ಯಾರೂ ಗೆಲ್ಲುವುದಿಲ್ಲ. ಮನೆಗೆ ಬಂದು ರೊಟ್ಟಿ ಮುರಿದರೆ ಬೆರಳಿನ ನೀಲಿ ರೊಟ್ಟಿಗೆ ಹತ್ತುತ್ತದೆ, ಅಂಥ ಆಟ. ಐದನೆಯ ಅಧ್ಯಾಯದಲ್ಲಿ ಒಬ್ಬ ಕೆಲಸಗಾರ ಹೊಲಸು ನೀರಿನ ಟ್ಯಾಂಕ್ ತೊಳೆಯಲು ಇಳಿಯುತ್ತಾನೆ. ಆಡುವವರು ಮೇಲೆ ಹಗ್ಗ ಹಿಡಿದು ನಿಂತಿರಬೇಕು. ಹಗ್ಗ ಅಲುಗುವುದು ನಿಂತ ಮೇಲೆ, ವಯಸ್ಸಾದ ಸೂಪರ್‌ವೈಸರನ ದನಿಯೊಂದು ಅಂದು ನಡೆದದ್ದನ್ನು ಕನ್ನಡದಲ್ಲಿ ಹೇಳತೊಡಗುತ್ತದೆ. ಆ ದನಿ ನಟನದ್ದಲ್ಲ, ವಿಂಧ್ಯಾಳ ತಂದೆ ಚನ್ನಬಸಪ್ಪನವರದ್ದು. ರೋಣದ ಕಡೆಯವರು, ವಟ್ವಾದಲ್ಲಿ ಮೂವತ್ತೊಂದು ವರ್ಷ ಪಾಳಿ ನೋಡಿಕೊಂಡವರು. ಇಪ್ಪತ್ತೆರಡು ವರ್ಷಗಳ ಹಿಂದೆ ಅವರ ಪಾಳಿಯಲ್ಲೇ ಜೀವಣಭಾಯಿ ಎಂಬವನು ಟ್ಯಾಂಕಿಗಿಳಿದು ಗ್ಯಾಸಿಗೆ ಸತ್ತಿದ್ದ. ಆ ಮಾತನ್ನು ಅವರ ಬಾಯಿಂದ ತೆಗೆಸಲು ಮಗಳಿಗೆ ನಾಲ್ಕು ತಿಂಗಳು ಹಿಡಿದಿತ್ತು. ರೆಕಾರ್ಡಿಂಗಿನ ದಿನ ನಲವತ್ತು ನಿಮಿಷ ತಡೆಯಿಲ್ಲದೆ ಮಾತಾಡಿ, ಕೊನೆಗೆ ಕುಡಿಯಲು ನೀರು ಕೇಳಿದ್ದರು.

ಅದನ್ನು ಭರತೇಶ ಯಾಕೆ ತೆಗೆದ? ಯಾರೂ ಹೆದರಿಸಿರಲಿಲ್ಲ. ಜನವರಿಯಲ್ಲಿ ಅದೇ ಪಬ್ಲಿಷರನ ಇನ್ನೊಂದು ಸ್ಟುಡಿಯೋ, ಯಾವುದೋ ದೂರದ ದೇಶದ್ದು, ಒಂದು ಇಮೇಲಿನಲ್ಲಿ ಮುಚ್ಚಿಹೋಯಿತು. ಅದರ ಮುಂದಿನ ವಾರದ ಕರೆಯಲ್ಲಿ ಮೇಲಿನ ಅಧಿಕಾರಿಯೊಬ್ಬಳು "ಆ ಐದನೆಯ ಅಧ್ಯಾಯ ಎಷ್ಟು ನಿಮಿಷದ್ದು?" ಎಂದು ಕೇಳಿದಳು. ಅಷ್ಟೇ. ಅವಳಿಗೆ ಬರೀ ನಿಮಿಷಗಳೇ ಬೇಕಾಗಿದ್ದವೋ ಏನೋ. ಆದರೆ ಭರತೇಶ ಪುಣೆಯಲ್ಲಿ ಹನ್ನೊಂದು ವರ್ಷ ಪರದೇಶದ ಆಟಗಳಿಗೆ ಪೀಪಾಯಿ, ಕುದುರೆಯ ಜೀನು, ಮುರಿದ ಗಾಡಿಯ ಚಕ್ರ ಇವುಗಳ ಚಿತ್ರ ಬರೆದುಕೊಟ್ಟವನು. ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಮನಸ್ಸಿನಲ್ಲಿರುವುದನ್ನು ತಿದ್ದಿಕೊಟ್ಟವನೇ ಅಲ್ಲಿ ಜಾಣ, ಅವನಿಗೇ ಬಡ್ತಿ. ಆ ಜಾಣತನವನ್ನು ಭರತೇಶ ಅಹಮದಾಬಾದಿಗೂ ಹೊತ್ತುಕೊಂಡು ಬಂದಿದ್ದ. ಸ್ವಂತ ಸ್ಟುಡಿಯೋ ಕಟ್ಟಿದ, ಸ್ವಂತ ಆಟ ಮಾಡಿದ, ಆದರೂ ಗಿರಾಕಿ ಮಾತ್ರ ಅವನ ತಲೆಯೊಳಗಿಂದ ಇಳಿದು ಹೋಗಿರಲಿಲ್ಲ. ನಾನೇ ತೆಗೆದೆ ಎಂದರೆ ಹುಡುಗರು ಹೇಡಿ ಅಂದಾರು ಎಂದು ಅಂಜಿ, ಸಿಂಗಪುರದವರ ಮೇಲೆ ಹಾಕಿ ಕೈ ತೊಳೆದುಕೊಂಡಿದ್ದ.

ಕೋಣೆಯಲ್ಲಿ ಯಾರಾದರೂ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋದರು. ಚಿಟ್ಟೆಯ ರೆಕ್ಕೆ ಬಡಿತಕ್ಕೆಂದು ಮೂರು ವಾರ ದುಡಿದಿದ್ದ ಐಶ್ವರ್ಯಾ ಹೋಗುವಾಗ ಪರದೆ ಆರಿಸಿದಳು.

ವಿಂಧ್ಯಾ ಮಾತ್ರ ಕೂತಿದ್ದಳು.

"ಈ ತಿಂಗಳ ಪ್ರತಿ ಕಳಿಸೋಕೆ ಶುಕ್ರವಾರದವರೆಗೆ ಟೈಮಿದೆ," ಎಂದರು ಶೇಷಾದ್ರಿ. "ಹಳೇ ಅಧ್ಯಾಯ ವಾಪಸ್ ಹಾಕೋಕಾಗುತ್ತಾ? ಬಲವಂತ ಇಲ್ಲ, ನಿಮ್ಮಿಷ್ಟ."

"ಆಗಲ್ಲ ಸರ್," ಎಂದಳು ವಿಂಧ್ಯಾ. "ಸಿಂಗಪುರದವರು ಬೇಡ ಅಂದ್ರು ಅಂತ ಪಪ್ಪಾಗೆ ನಾನು ಹೇಳಿದೆ. ಅವರು ಸೈನ್ ಮಾಡಿದ್ರಲ್ಲ, ಒಪ್ಪಿಗೆ ಕಾಗದ, ಅದು ವಾಪಸ್ ತಗೊಂಡು ಬಾ ಅಂದ್ರು. ಹರಿದುಬಿಟ್ರು. ಅವಾಗಿಂದ ಸಂಡೇ ಕನ್ನಡ ಸಂಘಕ್ಕೂ ಹೋಗಲ್ಲ." ಅವಳು ಭರತೇಶನ ಕಡೆ ತಿರುಗಿದಳು. "ತಮೇ ಜ ಜಾವ್, ಸರ್. ನೀವೇ ಹೋಗಿ ಕೇಳಿ. ನಾನು ಕೇಳಲ್ಲ."

ಗುರುವಾರ ಮಧ್ಯಾಹ್ನ ಭರತೇಶ ಚನ್ನಬಸಪ್ಪನವರನ್ನು ಕಾಣಲು ರಿಂಗ್ ರಸ್ತೆ ಹಿಡಿದು ಇಸನ್‌ಪುರಕ್ಕೆ ಹೊರಟ. ಮೇ ತಿಂಗಳ ಬಿಸಿಲು, ಕಾರಿನ ಸ್ಟಿಯರಿಂಗ್ ಮುಟ್ಟಲಾಗದಷ್ಟು ಸುಡುತ್ತಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿದ. ನಾರೋಲ್ ದಾಟುವಷ್ಟರಲ್ಲಿ ಒಂದು ಸೊಗಸಾದ ವಾಕ್ಯ ಸಿದ್ಧವಾಯಿತು: 'ಅವರು ಮನಸ್ಸು ಬದಲಾಯಿಸಿದ್ದಾರೆ.' ಇದರಿಂದ ಯಾರಿಗೂ ನಷ್ಟವಿಲ್ಲ. ಮುದುಕರಿಗೆ ಸಂತೋಷ, ಆಟಕ್ಕೆ ಅಧ್ಯಾಯ, ತನಗೆ ಮಾನ. ವಿಂಧ್ಯಾ ತಂದೆಗೆ ನಿಜ ಹೇಳಿರುತ್ತಾಳೋ ಇಲ್ಲವೋ ಎಂಬುದೊಂದೇ ಅಳುಕು.

ಹೇಳಿರಲಿಲ್ಲ.

"ಬರ್ರಿ, ಒಳಗ ಬರ್ರಿ," ಎಂದು ಚನ್ನಬಸಪ್ಪ ಬಾಗಿಲಲ್ಲೇ ಕೈ ಹಿಡಿದರು. "ನೀವು ಬರ್ತೀರಿ ಅಂತ ವಿಂಧ್ಯಾ ಫೋನ್ ಮಾಡಿದ್ಲು. ಏನ್ ಕೆಲಸಾ ಅಂದ್ರ, ಅವರ ಹೇಳ್ತಾರ ಬಿಡು ಅಂದ್ಲು."

ಅವರ ಹೆಂಡತಿ ಅನಸೂಯಮ್ಮ ಗಿರ್‌ಮಿಟ್ ಮಾಡಿಟ್ಟಿದ್ದರು. "ಇಲ್ಲೀ ಮಮ್ರಾದಾಗ ಊರಿನ ಚುರುಮುರಿ ರುಚಿ ಬರಂಗಿಲ್ರಿ. ಸಂಭಾಳಿಸ್ಕೋರಿ," ಎಂದು ತಟ್ಟೆ ಕೊಟ್ಟು ಒಳಗೆ ಹೋದರು. ಅವರಿಬ್ಬರ ಮಾತು ಕೇಳಿದ್ದೇ ಹುಬ್ಬಳ್ಳಿಯ ಭರತೇಶನ ನಾಲಿಗೆಯೂ ಊರ ಕಡೆ ಹೊರಳಿತು.

"ಆ ರೆಕಾರ್ಡಿಂಗ್ ವಿಷಯಾರೀ, ಕಾಕಾ."

"ಅದನ್ನ ಬಿಡ್ರಿ," ಎಂದರು ಚನ್ನಬಸಪ್ಪ. "ನಾ ಏನ್ ಸಿಟ್ಟಿಗೆದ್ದು ಕಾಗದ ಹರದಿಲ್ಲ. ಅವ್ರು ದೊಡ್ಡ ಮಂದಿ, ಪೂರ್ತಿ ಕೇಳ್ಯಾರ, ಬ್ಯಾಡ ಅಂದಾರ. ಬರೋಬ್ಬರಿ ಐತಿ. ಒಬ್ಬ ಮನಿಶ್ಯಾನ್ನ ಸಾಯಾಕ ಇಳಿಸಿದಾವನ ದನಿ ಯಾರಿಗ್ರಿ ಬೇಕು? ಪೊಲೀಸ್ರು ನನಗ ಶಿಕ್ಷಾ ಕೊಡ್ಲಿಲ್ಲ, ಕಂಪ್ನಿ ಕೊಡ್ಲಿಲ್ಲ. ಇವರರ ಕೊಟ್ರಲ್ಲ ಅಂತ ಅನ್ಕೊಂಡೆ."

ಯಾವ ತೀರ್ಪೂ ಇಲ್ಲದ ಕಡೆ ತನ್ನದೊಂದು ಪುಕ್ಕಲುತನ ಈ ಮನೆಗೆ ಬಂದು ತೀರ್ಪಾಗಿ ಕೂತಿದೆ ಎಂದು ಭರತೇಶ ಕನಸಿನಲ್ಲೂ ಎಣಿಸಿರಲಿಲ್ಲ. ಆದರೂ ಸಿದ್ಧ ಮಾಡಿಕೊಂಡು ಬಂದಿದ್ದ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ತನ್ನಷ್ಟಕ್ಕೆ ಹೊರಗೆ ಬಿತ್ತು.

"ಈಗ ಅವರು ಮನಸ್ಸು ಬದಲ್ ಮಾಡ್ಯಾರ್ರಿ. ಬೇಕಂತಾರ."

"ಹೌದ್ರೀ?" ಚನ್ನಬಸಪ್ಪನವರ ಮುಖ ಅರಳಿತು. "ಮತ್ತೊಮ್ಮೆ ಕೇಳಿದ್ರೇನು? ಏನಂದ್ರು ಕೇಳಿ? ಏ ಇವಳ, ಇಲ್ಲಿ ಬಾ, ಸಿಂಗಪುರದವ್ರು ನಂದು ಮತ್ತ ಕೇಳ್ಯಾರಂತ!"

ಅನಸೂಯಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತರು. ಅವರ ಮುಖದಲ್ಲೂ ನಗು. ಭರತೇಶ ಆ ಎರಡು ಮುಖಗಳನ್ನು ನೋಡಿದ. ಎಷ್ಟು ಸುಲಭವಾಗಿ ಮುಗಿದುಹೋಯಿತು ಅನ್ನಿಸಿತು. ಎದ್ದು ಕೈಮುಗಿದು ಹೊಸ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಕೆಲಸ ಆಯಿತು. ಬ್ಯಾಗಿನಿಂದ ಕಾಗದವನ್ನು ಅರ್ಧ ಹೊರಗೆಳೆದೂ ಇದ್ದ. ಆದರೆ ತನ್ನ ಮೇಲೆಯೇ ಅಂಥ ಹೇಸಿಗೆ ಅವನಿಗೆ ಹಿಂದೆಂದೂ ಆಗಿರಲಿಲ್ಲ. ತಟ್ಟೆಯನ್ನು ಕೆಳಗಿಟ್ಟ.

"ಸುಳ್ಳ ಹೇಳಿದ್ನಿರೀ, ಕಾಕಾ," ಎಂದ. "ಅವರು ಬ್ಯಾಡ ಅಂದಿರಾಕನ ಇಲ್ಲ. ನಾನ ತಗದೆ. ಯಾರೂ ಹೇಳಿರ್ಲಿಲ್ಲ. ಮುಂದೊಂದಿನಾ ಹೇಳ್ತಾರ ಅಂತ ಅಂಜಿ ಮೊದಲ ತಗದಬಿಟ್ಟೆ. ಮತ್ತ ಹುಡುಗ್ರ ಮುಂದ ಅವರ ಹೆಸರು ಹೇಳಿದೆ. ನಿಮಗ ಯಾರೂ ಶಿಕ್ಷಾ ಕೊಟ್ಟಿಲ್ರಿ. ಅದು ನನ್ನ ಹೇಡಿತನ."

ಹೇಳಿದ ಮೇಲೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ನೆಲದ ಟೈಲ್ಸ್ ನೋಡುತ್ತ ಕೂತ. ಅನಸೂಯಮ್ಮನ ನಗು ಮುಖದ ಮೇಲೆ ಇನ್ನೂ ಅರ್ಧ ಉಳಿದಿತ್ತು, ಅದನ್ನೇನು ಮಾಡಬೇಕೆಂದು ಅವರಿಗೆ ತಿಳಿದಂತಿರಲಿಲ್ಲ.

ಚನ್ನಬಸಪ್ಪ ಬೈಯುತ್ತಾರೆ, ಎದ್ದು ನಡಿ ಅನ್ನುತ್ತಾರೆ ಎಂದು ಭರತೇಶ ಕಾದ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ನನಗೂ ಯಾರೂ ಹೇಳಿರ್ಲಿಲ್ರಿ," ಎಂದರು.

ಭರತೇಶನಿಗೆ ಅರ್ಥವಾಗಲಿಲ್ಲ.

"ಮ್ಯಾನೇಜರ್ ಹೇಳಿದ್ರು, ನಾ ಜೀವಣಭಾಯಿನ್ನ ಇಳಿಸಿದೆ ಅಂತ ರೆಕಾರ್ಡಿನ್ಯಾಗ ಹೇಳೇನಲ್ಲ. ಪೊಲೀಸ್ರ ಮುಂದೂ ಹಂಗ ಹೇಳೇನಿ. ಮ್ಯಾನೇಜರ್ ಹೇಳಿರ್ಲಿಲ್ರಿ. ಆವತ್ತ ಅವ್ರು ವಡೋದರಾಕ್ಕ ಹೋಗಿದ್ರು. ಮರುದಿನ ಮಾಲಕರು ಬರಾವ್ರಿದ್ರು. ಟ್ಯಾಂಕ್ ಯಾಕ ಹೊಲಸೈತಿ ಅಂತ ಕೇಳ್ತಾರ ಅಂತ ನನ್ನಷ್ಟಕ್ಕ ನಾನ ಅನ್ಕೊಂಡೆ. ಕೇಳೂದರಾಗ ಮಾಡಿ ಮುಗಿಸಿದ್ರ ಶಾಣ್ಯಾ ಅಂತಾರ ಅಂತ. ಗ್ಯಾಸ್ ನೋಡೋ ಮಷೀನು ಬಾಜೂ ಕಂಪ್ನಿ ಶೆಡ್ಡಿನ್ಯಾಗಿತ್ತು. ತರಾಕ ಒಂದ್ ತಾಸ ಬೇಕಾಗ್ತಿತ್ತು. ಅಂವ ಕೇಳಿದಾ, ಸಾಹೇಬ್, ಮಷೀನ್ ತರೂಣೇನು ಅಂತ. ಏನಾಗ್ತದ ಇಳಿಯೋ ಅಂದೆ."

"ನನಗೂ ಮ್ಯಾನೇಜರ್ ಅಂತನ ಹೇಳಿದ್ರಿ," ಎಂದರು ಅನಸೂಯಮ್ಮ ಬಾಗಿಲಿನಿಂದ.

"ಹೂಂ. ನಿನಗೂ."

"ಅವನ ಹೆಂಡ್ತಿಗೆ?"

"ಆಕೀಗೂ."

ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಆ ನಲವತ್ತು ನಿಮಿಷ ಕೇಳಿ ಸ್ಟುಡಿಯೋದಲ್ಲಿ ಎಲ್ಲರೂ ಕಣ್ಣೊರೆಸಿಕೊಂಡಿದ್ದರು. ಅದರಲ್ಲಿ ಒಂದು ವಾಕ್ಯ ಸುಳ್ಳು, ಅದೂ ತನಗೆ ಚೆನ್ನಾಗಿ ಪರಿಚಯವಿದ್ದ ಸುಳ್ಳು ಎಂದು ಭರತೇಶ ಗುರುತಿಸಿರಲಿಲ್ಲ.

"ಆ ಹಳೇದ ಹಾಕಬ್ಯಾಡ್ರಿ," ಎಂದರು ಚನ್ನಬಸಪ್ಪ ಕೊನೆಗೆ. "ಅದಕ್ಕ ನಾ ಸಹಿ ಹಾಕಂಗಿಲ್ಲ. ಹಾಕೂದಿದ್ರ ಆ ಮಾತು ಬದಲ್ ಮಾಡಿ ಹೇಳ್ತೀನಿ. ಮ್ಯಾನೇಜರ್ ಹೆಸರ ಬ್ಯಾಡ. ನಿಮ್ಮ ಸಿಂಗಪುರದವ್ರಿಗೆ ನಡೀತದೇನು ಕೇಳಿ ನೋಡ್ರಿ."

ಭರತೇಶನ ಕೈ ಜೇಬಿನಲ್ಲಿದ್ದ ಫೋನಿಗೆ ಹೋಯಿತು. ಶೇಷಾದ್ರಿಗೆ ಒಂದು ಮಾತು ಹೇಳಿಬಿಡೋಣ ಎಂದು ಹಳೆಯ ಚಟ ಎದ್ದು ಕೂತಿತ್ತು. ಫೋನು ತೆಗೆದ. ರೆಕಾರ್ಡಿಂಗಿಗೆ ಸಿದ್ಧ ಮಾಡಿ ಅದನ್ನು ಮೇಜಿನ ಮೇಲೆ ಚನ್ನಬಸಪ್ಪನವರ ಎದುರಿಗೆ ಇಟ್ಟ.

"ಯಾರನ್ನೂ ಕೇಳಬೇಕಾಗಿಲ್ರಿ, ಕಾಕಾ. ಈಗ ಹೇಳ್ತೀರೇನು?"

"ಈಗ?" ಅವರು ಹೆಂಡತಿಯನ್ನು ನೋಡಿದರು. "ಈಕಿ ಮುಂದ?"

ಅನಸೂಯಮ್ಮ ಒಳಗೆ ಹೋಗುತ್ತಾರೇನೋ ಎಂದುಕೊಂಡ ಭರತೇಶ. ಅವರು ಹೋಗಲಿಲ್ಲ. ಗೋಡೆಯ ಹತ್ತಿರ ನಡೆದು ಸದ್ದಾಗದಂತೆ ಕಿಟಕಿ ಮುಚ್ಚಿದರು, ಫ್ಯಾನಿನ ಸ್ವಿಚ್ಚು ಆರಿಸಿದರು. ಆಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು, ಗಂಡನ ಪಕ್ಕಕ್ಕಲ್ಲ, ಎದುರಿಗೆ ಹಾಕಿಕೊಂಡು ಕೂತರು.

ಫ್ಯಾನು ಪೂರ್ತಿ ನಿಲ್ಲುವವರೆಗೆ ಮೂವರೂ ಕಾದರು.