ಅವಸರ ಏನಿಲ್ಲ

ಪೆನ್ಸಿಲಿನ ಮೊನೆ ಮುರಿದ ಸಣ್ಣ ಸದ್ದು, ಕಾರ್ಡಿನ ಮೇಲೆ ಕರಿ ಚುಕ್ಕೆ, ಅದು ಬಿದ್ದಿರುವುದೂ ಭಾವ ಅನ್ನುವ ಪದದ ಪಕ್ಕದಲ್ಲೇ, ಒರೆಸಿದರೆ ಇನ್ನಷ್ಟು ಹರಡುತ್ತದೆ, ಇರಲಿ ಬಿಡು ಅಂದುಕೊಂಡಳು, ಬೆಳಗಿನಿಂದ ಈ ಒಂದು ಕಾರ್ಡು ಮುಗಿಯುತ್ತಿಲ್ಲ — ಇಂಗಿತ, ನಾಮಪದ, ಬಾಯಲ್ಲಿ ಹೇಳದೆ ಉಳಿದ ಅರ್ಥ, ಒಳಾರ್ಥ, ಗೂಢಾರ್ಥ, ಆಶಯ, ಭಾವ — ಹನ್ನೊಂದು ವರ್ಷದಿಂದ ಈ ನಿಘಂಟಿನ ಕಚೇರಿಯಲ್ಲಿ ಬೆನ್ನು ಬಗ್ಗಿಸಿದವಳಿಗೆ ಸಮಾನಪದ ನೀರು ಕುಡಿದಷ್ಟು ಸಲೀಸು, ಕಷ್ಟವೆಲ್ಲ ಪ್ರಯೋಗದ ವಾಕ್ಯದ್ದು, ಸಂಪಾದಕರು ಎರಡು ಸಲ ವಾಪಸು ಕಳಿಸಿದ್ದರು, ಎರಡು ಪದಕ್ಕೊಮ್ಮೆ ಉಸಿರೆಳೆದು ನಿಲ್ಲುವ ಅವರಿಗೆ ಬೆನ್ನ ಹಿಂದೆ ಅಲ್ಪವಿರಾಮ ಅಂತಲೇ ಹೆಸರು, ಪುಸ್ತಕದ ವಾಕ್ಯ, ಬೇಡ ತಾಯಿ, ಮನೇಲಿ, ದಿನಾ ಆಡೋದು, ಹಾಕಿ ಅಂದಿದ್ದರು — ಯಾರ ಮನೆಯಲ್ಲಿ, ಅವಳ ತವರಿನಲ್ಲಂತೂ ಯಾರೂ ಯಾವುದನ್ನೂ ನೇರವಾಗಿ ಕೇಳಿದವರಲ್ಲ, ಅಪ್ಪನಿಗೆ ಬಾಯಾರಿದರೆ ಕೊಡದಲ್ಲಿ ನೀರಿದೆಯಾ ಅನ್ನುತ್ತಿದ್ದ, ನೆಂಟರು ಹೊರಡಲಿ ಅನ್ನಿಸಿದರೆ ಅಮ್ಮ ಕಿಟಕಿ ನೋಡುತ್ತ ಎಷ್ಟು ಬೇಗ ಕತ್ತಲಾಗತ್ತಪ್ಪ ಅನ್ನುತ್ತಿದ್ದಳು, ಅದೇ ಅಮ್ಮ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡ ದಿನ ಒಳಗಿನಿಂದ ಕೂಗಿದ್ದೇನು, ಕೈ ಖಾಲಿ ಆದ್ಮೇಲೆ ಯಾರಾದ್ರೂ ಬನ್ರೇ, ಅವಸರ ಏನಿಲ್ಲ — ಅಕ್ಕ ಹಿಟ್ಟಿನ ಕೈಯಲ್ಲೇ ಓಡಿದ್ದಳು, ಓಡುತ್ತಲೇ ಇವಳತ್ತ ತಿರುಗಿ ಕಿರುಚಿದ್ದಳು, ಇನ್ನೂ ಕೂತಿದೀಯಲ್ಲೇ ಪೆದ್ದಿ, ಅಮ್ಮ ಅವಸರ ಇಲ್ಲ ಅಂದ್ಲು, ಕೇಳಿಸ್ಲಿಲ್ವಾ.

ಅವಸರ ಏನಿಲ್ಲ. ಮುರಿದ ಪೆನ್ಸಿಲು ಬೆರಳಿನಲ್ಲೇ ನಿಂತಿತು. ಹೋದ ಗುರುವಾರ ಫೋನಿನಲ್ಲಿ ಅಕ್ಕ ಇದನ್ನೇ ಅಲ್ಲವೇ ಅಂದದ್ದು, ನಿಂಗೆ ಬಿಡುವಾದಾಗ ಬಾ, ಅವಸರ ಏನಿಲ್ಲ, ಅದರ ಹಿಂದಿನ ಗುರುವಾರವೂ, ಅದಕ್ಕೂ ಹಿಂದೆಯೂ, ಸರಿಯಾಗಿ ನಾಲ್ಕು ಗಂಟೆಗೆ, ಭಾವನ ಫೋನಿನಿಂದ, ಪಕ್ಕದಲ್ಲೇ ಭಾವ ಗಂಟಲು ಸರಿಮಾಡಿಕೊಳ್ಳುವುದು ಇಲ್ಲಿಗೆ ಕೇಳಿಸುತ್ತಿತ್ತು, ತುಂಬಾ ಚೆನ್ನಾಗಿ ನೋಡ್ಕೋತಾರೆ ಕಣೆ, ಬಾಗಿಲು ಕೂಡ ಅವರೇ ತೆಗೀಬೇಕು — ತೆಗೀತಾರೆ ಅಲ್ಲ, ತೆಗೀಬೇಕು — ಒಂದೊಂದು ಪದದ ಬಾಲ ಹಿಡಿದು ಅನ್ನ ತಿನ್ನುವವಳಿಗೆ ಆ ಬೇಕು ಕಿವಿಗೆ ಬೀಳಲಿಲ್ಲ, ಪುಣ್ಯವಂತೆ ಬಿಡು ನೀನು ಎಂದು ನಕ್ಕಿದ್ದಳು, ಆ ಕಡೆ ಅಕ್ಕನೂ ನಕ್ಕಳು, ಅದು ನಗುವೇ, ಅದಕ್ಕೆ ಯಾವ ಸಮಾನಪದ — ಹೊಟ್ಟೆನೋವು ಸರ್, ಮನೆಗೆ ಹೋಗ್ತೀನಿ ಎಂದಾಗ ಅಲ್ಪವಿರಾಮ ಕನ್ನಡಕದ ಮೇಲಿಂದ ನೋಡಿದರು, ಹೋಗಿ, ತಾಯಿ — ಬಸ್ಸು ಯಾಕೆ ಪ್ರತಿ ಸ್ಟಾಪಿನಲ್ಲೂ ನಿಲ್ಲುತ್ತಿದೆ, ಪೂರ್ತಿ ಬಿಸಿಲು, ನಡುಮಧ್ಯಾಹ್ನ, ಎದುರಿಗೆ ಕೂತವಳು ಮಗುವಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಾಳೆ, ಎಷ್ಟು ಗುರುವಾರಗಳಾದವು, ಎಣಿಸಬೇಡ, ನನ್ನ ಬುದ್ಧಿಯೇ ಕೆಟ್ಟಿರಬಹುದು, ಭಾವ ಒಂದು ದಿನ ದನಿ ಎತ್ತಿದವನಲ್ಲ, ಇರುವೆ ಕಂಡರೂ ಸುತ್ತು ಹಾಕಿ ನಡೆಯುವ ಪ್ರಾಣಿ, ಹೋಗಿ ಅಕ್ಕನ ಮುಖ ನೋಡಿ ಬಂದರಾಯಿತು.

ಕರೆಗಂಟೆಗೆ ಭಾವನೇ ಬಾಗಿಲು ತೆಗೆದ, ಮೊಣಕೈವರೆಗೆ ಬಿಳಿ ಪುಡಿ, ಮನೆಯಲ್ಲೇ ಕೂತು ಹಲ್ಲಿನ ಸೆಟ್ಟು ಮಾಡುವವನು, ಹಿಂದೆ ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು, ನೂರಾರು ಬಾಯಿಗಳು, ಒಂದಕ್ಕೂ ನಾಲಿಗೆಯಿಲ್ಲ, ಬಾರಮ್ಮ, ಏನು ಹೇಳದೆ ಕೇಳದೆ ಸವಾರಿ, ನಿಮ್ಮಕ್ಕ ಈಗಷ್ಟೇ ಮಲಗಿದ್ಲು, ಎಬ್ಬಿಸೋದು ಬೇಡ ಅಲ್ವಾ — ಎಬ್ಬಿಸಲ್ಲ ಭಾವ, ಮುಖ ನೋಡಿ ಹೋಗ್ತೀನಿ — ಅದಕ್ಕೇನು, ಕೂತ್ಕೋ, ಚಹಾ ಮಾಡ್ತೀನಿ — ಆದರೆ ಅವನು ಅಡುಗೆಮನೆಗೆ ಹೋಗುವುದಿಲ್ಲ, ಅವಳು ಎಡಕ್ಕೆ ಸರಿದರೆ ಅವನೂ ಎಡಕ್ಕೆ, ನಗುತ್ತಲೇ, ಅವನ ಭುಜದಾಚೆ ಒಳಕೋಣೆಯ ಬಾಗಿಲು, ಬಾಗಿಲಿಗೆ ಚಿಲಕ, ಹೊಸ ಚಿಲಕ, ತಿರುಪುಗಳು ಇನ್ನೂ ಫಳಫಳ, ಹೊರಗಿನಿಂದ ಹಾಕಿದ ಚಿಲಕ. ಅವಳು ನೋಡಿದ್ದನ್ನು ಅವನು ನೋಡಿದ. ಗಾಳಿಗೆ ಬಡ್ಕೊಳ್ಳತ್ತೆ, ಅದಕ್ಕೇ ಹಾಕ್ಸಿದ್ದು, ಅಂದ. ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು, ಮೇಜಿನ ಮೇಲಿನ ಬಿಳಿ ಪುಡಿಯ ಒಂದು ಕಣವೂ ಅಲುಗುತ್ತಿರಲಿಲ್ಲ. ಅವಳು ಒಳಕೋಣೆಯತ್ತ ನಡೆದಳು, ಅವನ ತೋಳು ತಾಗಿ ಸೀರೆಗೆ ಬಿಳಿ ಮೆತ್ತಿತು, ತಡೆಯುತ್ತಾನೆ, ಈಗ ಕೈ ಹಿಡಿಯುತ್ತಾನೆ, ಹಿಡಿಯಲಿಲ್ಲ, ಹಿಂದಿನಿಂದ ಮೆತ್ತಗೆ ಅಂದ, ಅವಳನ್ನೇ ಕೇಳು, ಯಾವತ್ತಾದ್ರೂ ಒಂದು ಮಾತು ಗದರಿದೀನಾ — ಚಿಲಕ ಸದ್ದೇ ಇಲ್ಲದೆ ಜಾರಿತು, ಎಣ್ಣೆ ಬಿಟ್ಟಿದ್ದ.

ಅಕ್ಕ ಮಲಗಿರಲಿಲ್ಲ. ಮಂಚದ ಅಂಚಿನಲ್ಲಿ ನೆಟ್ಟಗೆ ಕೂತಿದ್ದಳು, ತಲೆ ಬಾಚಿ, ಮಡಿಲಲ್ಲಿ ಕೈ ಜೋಡಿಸಿ, ಬಸ್ಸಿಗೆ ಕಾಯುವವಳ ಹಾಗೆ, ಕಾಲಿಗೆ ಚಪ್ಪಲಿ ಹಾಕಿಕೊಂಡು. ಬಂದ್ಯಾ, ಅಂದಳು, ಹೊರಗೆ ಬಿಸಿಲಿದೆಯಾ. ತವರಿನ ಮಾತು. ಈ ಸಲ ಅರ್ಥಕ್ಕೆ ತಡವಾಗಲಿಲ್ಲ, ಇದೆ ಅಕ್ಕ, ಚೆನ್ನಾಗಿದೆ, ಏಳು. ಭಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಸಂಜೆ ಬೇಗ ಬಂದ್ಬಿಡು ಅಂದ, ಅಕ್ಕ ತಿರುಗಿ ನೋಡಲಿಲ್ಲ, ಮೆಟ್ಟಿಲು, ಗೇಟು, ಬೀದಿ, ವಾಪಸು ಬಸ್ಸು, ಈಗ ಅಕ್ಕ ಕಿಟಕಿಗೆ ಹಣೆ ಒತ್ತಿ ಕೂತಿದ್ದಾಳೆ, ಆ ಮನೆಗಿನ್ನು ಹೋಗಲ್ಲ ಕಣೆ ಎಂದು ಹುಟ್ಟಿದಾಗಿನಿಂದ ಮೊದಲ ಸಲ ನೇರವಾಗಿ ಹೇಳಿದ್ದಾಳೆ, ಹ್ಞೂಂ ಅಕ್ಕ, ಹೋಗೋದು ಬೇಡ, ನಾಳೆ ಏನು ಮಾಡಬೇಕು, ಯಾರಿಗೆ ಹೇಳಬೇಕು, ಎಲ್ಲ ಯೋಚಿಸಬೇಕು, ಆದರೆ ಯೋಚನೆ ಆ ಮಂಚ ದಾಟಿ ಮುಂದೆ ಹೋಗುತ್ತಿಲ್ಲ, ಬರುತ್ತೇನೆಂದು ಇವಳು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೆ ಗೊತ್ತಿರಲಿಲ್ಲ, ಆದರೂ ಕಾಲಿಗೆ ಚಪ್ಪಲಿ, ಹಾಗಾದರೆ ನಿನ್ನೆಯೂ, ಮೊನ್ನೆಯೂ, ದಿನಾ ಬೆಳಿಗ್ಗೆ ತಲೆ ಬಾಚಿ, ಮುಚ್ಚಿದ ಕೋಣೆಯಲ್ಲಿ, ಮಂಚದ ಅಂಚಿನಲ್ಲಿ, ನೆಲಕ್ಕೆ ತಾಗಿಯೂ ತಾಗದ ಎರಡು ಪಾದ, ಪಟ್ಟಿ ಬಿಗಿದ ಚಪ್ಪಲಿ, ಅಟ್ಟೆಗೆ ಒಂದು ಚೂರೂ ಮಣ್ಣು ಹತ್ತದ ಚಪ್ಪಲಿ.