ಮೋಟು ಕಾಯಿಲಿನ ಕಾವು

ಮಾಯಮ್ಮನ ಕೈಯಲ್ಲಿ ರೇಷ್ಮೆ ಎಳೆ ಮತ್ತೆ ಕಿತ್ತುಹೋಯಿತು. ಚಪಾತಿ ಹಿಟ್ಟು ನಾದುತ್ತಿದ್ದ ನಾನು ಎದ್ದು ಬಾಗಿಲಿಗೆ ಬಂದೆ. ರಾಮನಗರದ ನಮ್ಮ ಮನೆಯಲ್ಲಿ ಅಡುಗೆಮನೆ ದಾಟಿದರೆ ಶೆಡ್ಡು. ಗೂಡು ಬೇಯಿಸಿ ನೂಲು ತೆಗೆಯುವುದು ಅಲ್ಲೇ.

"ನಿನ್ ಬೆರಳಿಗೆ ವಯಸ್ಸಾಯ್ತು ಕಣಮ್ಮ," ಎಂದರು ನಮ್ಮ ಯಜಮಾನರು, ಇದ್ರೀಸ್. "ಒಳ್ಳೆ ಗೂಡೆಲ್ಲ ಹಾಳಾಯ್ತಾವೆ. ನಾಳೆಯಿಂದ ಬೇರೆಯವಳಿಗೆ ಬರೋಕ್ ಹೇಳೀನಿ."

"ಬೆರಳಲ್ಲ ಸಾಬ್ರೆ, ನೀರು. ಕೊತಕೊತ ಅಂತೈತೆ. ಗೂಡು ಪಾಯಸ ಆಗೋಯ್ತಾವೆ."

"ನೀರು ಕಾಯಿಸೋ ಹೀಟರಿನ ಕಾಯಿಲ್ ಸುಟ್ಟೋಗಿತ್ತು. ಸುಟ್ಟಿದ್ದು ಕತ್ತರಿಸಿ ಬಿಸಾಕಿ, ಉಳಿದ ಮೋಟನ್ನ ಎಳೆದು ನಾನೇ ಕಟ್ಟಿದೆ. ತಂತಿ ಕಮ್ಮಿ ಆದ್ಮೇಲೆ ಕಾವು ಹೆಂಗ್ ಜಾಸ್ತಿ ಆಯ್ತದೆ, ಹೇಳು?"

ಮದುವೆಯಾಗಿ ಬಂದ ಹೊಸದರಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕುವುದನ್ನು ನನಗೆ ಕಲಿಸಿದವಳು ಮಾಯಮ್ಮ. ತಲೆ ತಗ್ಗಿಸಿ ಕುಳಿತಿದ್ದ ಅವಳನ್ನು ನೋಡಲಾಗದೆ ಮಗಳನ್ನು ಕೂಗಿದೆ. ಹಿನಾ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದಾಳೆ.

ಅವಳು ಯಾರ ಮಾತನ್ನೂ ತಪ್ಪೆನ್ನಲಿಲ್ಲ. ಹೀಟರಿನ ಎರಡು ವೈರುಗಳಲ್ಲಿ ಒಂದನ್ನು ಬೇರ್ಪಡಿಸಿ, ಇಕ್ಕಳದಂಥ ಮೀಟರಿನ ಬಾಯಿಯನ್ನು ಅದರ ಸುತ್ತ ಮುಚ್ಚಿದಳು. ಹತ್ತು ಆಂಪಿಯರ್. ಆಮೇಲೆ ಪ್ಲಗ್ಗಿನ ಹತ್ತಿರ ಅಳೆದಳು. ಇನ್ನೂರ ಮೂವತ್ತು ವೋಲ್ಟ್.

"ಅಬ್ಬಾ, ಹೊಸದರಲ್ಲಿ ಈ ಕಾಯಿಲ್ ಎಷ್ಟು ವ್ಯಾಟ್ ಇತ್ತು?" ಎಂದು ಅಪ್ಪನನ್ನು ಕೇಳಿದಳು.

"ಸಾವಿರದ ಐನೂರು."

ನನ್ನ ಚಪಾತಿ ಮಣೆಯ ಮೇಲೆ ಉದುರಿಸಿದ್ದ ಹಿಟ್ಟಿನಲ್ಲೇ ಬೆರಳಾಡಿಸಿ ಬರೆದಳು. "ವೋಲ್ಟನ್ನ ಆಂಪಿಯರಿಂದ ಭಾಗ್ಸಿದ್ರೆ ಇಪ್ಪತ್ಮೂರು ಓಮ್. ತಂತಿ ಕರೆಂಟಿಗೆ ಒಡ್ಡೋ ತಡೆ ಅದು. ಹೊಸದರಲ್ಲಿ ಸುಮಾರು ಮೂವತ್ತೈದು ಇತ್ತು. ನೀವು ಕತ್ತರಿಸಿದ್ದು ಕಾವನ್ನಲ್ಲ ಅಬ್ಬಾ, ತಡೇನ. ತಡೆ ಕಮ್ಮಿ ಆದಷ್ಟೂ ಕರೆಂಟ್ ಜಾಸ್ತಿ ನುಗ್ತದೆ. ಈಗ ವೋಲ್ಟನ್ನೂ ಆಂಪಿಯರನ್ನೂ ಗುಣ್ಸಿ."

ಇದ್ರೀಸ್ ತುಟಿಯಲ್ಲೇ ಗುಣಿಸಿದರು. "ಎರಡು ಸಾವಿರದ ಮುನ್ನೂರು."

"ಮೊದಲಿನ ಒಂದೂವರೆ ಪಟ್ಟು ಕಾವು. ಅದರ ಮುಂದೆ ಯಾರು ಕೂತ್ರೂ ಎಳೆ ಕಿತ್ತೋಗ್ತದೆ."

"ಹಿಟ್ಟಿನ ಮೇಲೆ ಲೆಕ್ಕ ಸರಿಯೋಗ್ಬೋದು," ಎಂದರು ಅವರು. "ನೂಲು ಒಪ್ಪಬೇಕಲ್ಲ?" ಆದರೂ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋಗಿ ಹೊಸ ಕಾಯಿಲ್ ತಂದರು.

ಹಿನಾ ಮೇನ್ ಸ್ವಿಚ್ ಆಫ್ ಮಾಡಿ ಕಾಯಿಲ್ ಕಟ್ಟತೊಡಗಿದಳು. ಸ್ಕ್ರೂ ತಿರುಗಿಸುವಾಗ ನಾಲಿಗೆಯ ತುದಿ ತುಟಿಯಾಚೆ ಬಂದಿತ್ತು. ಚಿಕ್ಕಂದಿನಲ್ಲಿ ಗುಂಡಿ ಹಾಕಿಕೊಳ್ಳುವಾಗಲೂ ಹಾಗೇ. ನಾನು ಹಿಟ್ಟಿನ ಕೈಯಲ್ಲೇ ನಿಂತು ನೋಡಿದೆ. ಒಲೆಯ ಮೇಲೆ ಬೇಳೆ ಉಕ್ಕಿತು. ಉಕ್ಕಲಿ ಬಿಡು ಎನ್ನಿಸಿತು.

ಕರೆಂಟು ಕೊಟ್ಟಾಗ ಮೀಟರಿನಲ್ಲಿ ಆರೂವರೆ ಬಂತು. ನೀರಿನ ಅಬ್ಬರವಿಲ್ಲ, ತೆಳುವಾದ ಹಬೆಯಷ್ಟೇ. ಮಾಯಮ್ಮ ಹೊಸ ಗೂಡು ಬಿಟ್ಟು, ಹದ ನೋಡಿ, ತುದಿ ಹಿಡಿದು ರಾಟೆಗೆ ಕೊಟ್ಟಳು. ಎಳೆ ಓಡಿತು. ಓಡುತ್ತಲೇ ಇತ್ತು. ಇದ್ರೀಸ್ ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. ಒಮ್ಮೆಯೂ ಕಿತ್ತುಹೋಗಲಿಲ್ಲ.

ಅವರು ಜೇಬಿನಿಂದ ಫೋನು ತೆಗೆದು ಗೋಡೆಯ ಕಡೆ ತಿರುಗಿಕೊಂಡರು. "ನಾಳೆ ಬರೋದ್ ಬ್ಯಾಡಮ್ಮ. ನಮ್ ಮಾಯಮ್ಮನೇ ಇರ್ತಾಳೆ."

ಮಾಯಮ್ಮ ಎಳೆಯಿಂದ ಕಣ್ಣು ಕೀಳಲಿಲ್ಲ. "ಒಸಿ ಜೋರಾಗಿ ಹೇಳಿ ಸಾಬ್ರೆ," ಎಂದಳು. "ರಾಟೆ ಸದ್ದಲ್ಲಿ ನಂಗೆ ಕೇಳಿಸ್ನಿಲ್ಲ."