ಕೆಸರಿಗೆ ಸೋಪಿನ ಪುಡಿ

ನನ್ನ ತಂಗಿಗೆ ಶುಚಿಯ ಹುಚ್ಚು ಹುಟ್ಟಿನಿಂದ ಬಂದದ್ದು. ಚಿಕ್ಕವಳಿದ್ದಾಗ ಬೆಕ್ಕಿನ ಮೀಸೆ ಒರೆಸುತ್ತಿದ್ದಳು. ಅಂಥವಳು ಮುಪ್ಪಿನಲ್ಲಿ ಬಾತುಕೋಳಿ ಸಾಕಲು ಹೊರಟಳು. ದೇವರಿಗೂ ತಮಾಷೆ ಬೇಕಲ್ಲ.

ಬಾತಿನ ಶೆಡ್ಡು ಇದ್ದದ್ದು ಮನೆಯ ಮುಂದೆ, ಹೊಳೆ ಸಮುದ್ರ ಸೇರುವಲ್ಲಿನ ದಂಡೆಯ ಮೇಲೆ. ಬಾಗಿಲು ತೆಗೆದರೆ ಬಾತುಗಳು ನೇರ ನೀರಿಗೆ. ಆ ಜಾಗ ಬಿಡು ಎಂದರೆ ತಂಗಿಗೆ ಪ್ರಾಣ ಹೋದಷ್ಟು. ಇಳಿತದ ಹೊತ್ತಿಗೆ ಅಲ್ಲಿ ಕಣ್ಣು ಹಾಯುವವರೆಗೂ ಕೆಸರು. ನಾವು ಮಕ್ಕಳಿದ್ದಾಗ ಅದು ಬೂದು ಬಣ್ಣದ್ದು, ಕಾಲಿಟ್ಟಲ್ಲೆಲ್ಲ ಚಿಪ್ಪು ಚುಚ್ಚುತ್ತಿತ್ತು. ಈಗ ಮೇಲೆ ಹಸಿರು ಪಾಚಿ. ಅಗೆದರೆ ಕಾಡಿಗೆ ಕಪ್ಪು, ಕೊಳೆತ ಮೊಟ್ಟೆಯ ನಾತ. ಶೆಡ್ಡು ತೊಳೆದ ನೀರೆಲ್ಲ ಹೋಗುತ್ತಿದ್ದದ್ದು ಅಲ್ಲಿಗೇ.

ಸರ್ಕಾರದವರು ದಂಡೆಯ ಕೆಸರನ್ನು ಪರೀಕ್ಷೆ ಮಾಡುತ್ತಾರಂತೆ, ಗೊಬ್ಬರದ ಅಂಶ ಮಿತಿ ಮೀರಿದ್ದರೆ ಶೆಡ್ಡು ಅಲ್ಲಿಂದ ಕೀಳಬೇಕಂತೆ ಎಂದು ಸುದ್ದಿ ಬಂತು. ಪರೀಕ್ಷೆ ಮಾಡುವವಳು ಬೇರೆ ಯಾರೂ ಅಲ್ಲ, ತಂಗಿಯ ಸೊಸೆಯೇ.

"ಸ್ವಲ್ಪ ನೋಡ್ಕೊಂಡು ವರದಿ ಬರಿಯೇ. ಮನೆಯವಳು ತಾನೆ?" ಎಂದಳು ತಂಗಿ.

"ಕೆಸರಿಗೆ ಅತ್ತೆ ಯಾರು, ಸೊಸೆ ಯಾರು ಗೊತ್ತಾಗಲ್ಲ ಅತ್ತೆ."

ಮರುದಿನ ಬೆಳಿಗ್ಗೆ ನಾನು ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದೆ. ನೋಡಿದರೆ ತಂಗಿ ಉಟ್ಟದ್ದನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೆಸರಿನ ಮೇಲೆ ಬಟ್ಟೆ ಸೋಪಿನ ಪುಡಿ ಎರಚಿ ಪೊರಕೆಯಿಂದ ಉಜ್ಜುತ್ತಿದ್ದಾಳೆ! ಬಾತುಗಳು ನೊರೆಯಲ್ಲಿ ಜಾರಿ ಅಂಗಾತ.

"ಏನೇ ಇದು?"

"ನೆಂಟರು ಬರೋವಾಗ ಮನೆ ಗುಡಿಸಲ್ವಾ ಅಣ್ಣ? ಬಾಯಿ ಮುಚ್ಕೊಂಡು ಬಲೆ ಹೆಣಿ."

ಹೆಣೆದೆ. ಅವಳ ಜೊತೆ ವಾದ ಮಾಡಿ ಗೆದ್ದವನು ನನ್ನ ಭಾವ ಒಬ್ಬನೇ. ಅವನೂ ಸತ್ತು ಗೆದ್ದದ್ದು.

ಅದೇ ಸಂಜೆ ನೀರು ಮತ್ತೆ ಇಳಿದಾಗ ಸೊಸೆ ಬಂದು, ಕೊಳವೆ ಚುಚ್ಚಿ ಕೆಸರು ತೆಗೆದುಕೊಂಡು ಹೋದಳು. ವಾರ ಕಳೆದು ಊಟಕ್ಕೆ ಕೂತಾಗ ಕೇಳಿದಳು:

"ಅತ್ತೆ, ನಿಮ್ಮ ಬಾತುಕೋಳಿ ಬಟ್ಟೆ ಒಗಿಯುತ್ತಾ?"

ತಂಗಿ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ಹಿಕ್ಕೆಯ ಗೊಬ್ಬರವಂತೂ ಇದ್ದೇ ಇದೆ. ಅದರ ಮೇಲೆ ಫಾಸ್ಫೇಟ್ ಬೇರೆ, ಇಡೀ ದಂಡೇಲಿ ಎಲ್ಲೂ ಇಲ್ಲದಷ್ಟು! ಅಲ್ಲೇನು ಸೋಪಿನ ಕಾರ್ಖಾನೆ ಇದೆಯಾ ಅಂದ್ರು ನಮ್ಮ ಸಾಹೇಬರು."

"ಸೋಪು ಕೊಳೆ ತೆಗಿಯುತ್ತಲ್ವೇನೇ?"

"ಆ ಪುಡೀಲಿ ಫಾಸ್ಫೇಟ್ ಇರುತ್ತೆ. ಕೆಸರಿಗೆ ಅದೂ ಗೊಬ್ಬರವೇ. ನೊರೆ ಹೋಯ್ತು, ಅದು ಮಣ್ಣು ಕಚ್ಕೊಂಡು ಕೂತಿದೆ. ಪಾಚಿಗೆ ಮದುವೆ ಊಟ ಹಾಕಿದ್ದೀರಿ."

"ಹಂಗಾದ್ರೆ ಮೇಲಿಂದು ಕೆರೆದು ಬಿಸಾಕು. ಕೆಳಗಿಂದು ನೋಡು."

"ನೋಡಿದೆ ಅತ್ತೆ. ನೀವು ಮೊದಲನೇ ಬಾತು ತಂದ ಕಾಲದ ಹಿಕ್ಕೆಯೂ ಸಿಕ್ತು."

ನಾನು ನಕ್ಕುಬಿಟ್ಟೆ. ತಂಗಿ ಸೌಟು ಎತ್ತಿದಳು. ನಗು ನುಂಗಿದೆ.

ಶೆಡ್ಡು ಕೀಳಲೇಬೇಕಾಯಿತು. ತಂಗಿ ಜಗಳವನ್ನೇ ಮಾಡಲಿಲ್ಲ. ನನಗೆ ಅಲ್ಲೇ ಅನುಮಾನ. ದಂಡೆಗೆ ನೀರು ಹರಿಯದ ಕಡೆ ನೋಡಿ, ನೀರಿನ ತೊಟ್ಟಿಯ ಸಮೇತ ಹೊಸ ಶೆಡ್ಡು ಕಟ್ಟಿಸಿದಳು: ಮನೆಯ ಹಿಂದೆ, ಸರಿಯಾಗಿ ಸೊಸೆಯ ಕೋಣೆಯ ಕಿಟಕಿಯ ಕೆಳಗೆ.

"ದಂಡೆಯಿಂದ ದೂರ ತಾನೆ? ಪರೀಕ್ಷೆ ಮಾಡ್ಕೋ."

ಸೊಸೆ ಮೂಗು ಹಿಡಿದುಕೊಂಡೇ "ಹೂಂ" ಎಂದಳು.

ಈಗ "ಮಾವ, ನೀವಾದ್ರೂ ಅತ್ತೆಗೆ ಹೇಳಿ" ಎಂದು ನನ್ನ ಹತ್ತಿರ ಬರುತ್ತಾಳೆ. ನನಗೆ ಕಿವಿ ಸ್ವಲ್ಪ ಮಂದ. ಅಂಥ ಹೊತ್ತಿನಲ್ಲಿ ಇನ್ನೂ ಮಂದ.